ಅಜ್ಜನ ಆಧಾರ್ ಕಾರ್ಡ್ ಉಂಟಾ? ಒಂದು ಪೌತಿ ಖಾತೆಯ ಹದಿನೈದು ತಿಂಗಳು

2024ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅಮ್ಮನ ಫೋನ್. "ವಿಎ ಬಂದಿದ್ದಾರೆ ಮಗಾ. ಅಜ್ಜನ ಆಧಾರ್ ಕಾರ್ಡ್ ಉಂಟಾ ಅಂತ ಕೇಳ್ತಿದ್ದಾರೆ."

ನಾನು ಮಂಗಳೂರಿನಲ್ಲಿ ಆಫೀಸಿಗೆ ಹೊರಟು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ನಗು ಬಂತು. ಅಜ್ಜ ತೀರಿಹೋಗಿ ಮೂವತ್ತಾರು ವರ್ಷ. ಆಧಾರ್ ಬಿಡಿ, ನಮ್ಮ ಮನೆಗೆ ಕರೆಂಟ್ ಬಂದದ್ದೂ ಅವರು ಹೋದ ಮೇಲೆ. ಆದರೆ ವಿಎ, ಅಂದರೆ ನಮ್ಮ ಗ್ರಾಮ ಲೆಕ್ಕಿಗರು, ತಮಾಷೆ ಮಾಡುತ್ತಿರಲಿಲ್ಲ. ಪಹಣಿಗೆ, ಅಂದರೆ ಜಾಗದ ಹಕ್ಕಿನ ದಾಖಲೆಗೆ, ಆಧಾರ್ ಜೋಡಿಸುವ ಕೆಲಸ ಆಗ ಎಲ್ಲ ಕಡೆ ನಡೆಯುತ್ತಿತ್ತು. ಅವರ ಮೊಬೈಲಿನಲ್ಲಿ ನಮ್ಮ ಜಾಗದ ಎದುರು ಇದ್ದದ್ದು ಅಜ್ಜನ ಹೆಸರು ಮಾತ್ರ. ಅಪ್ಪನ ಹೆಸರಿಲ್ಲ, ಅಮ್ಮನದ್ದಿಲ್ಲ. ಕಾಗದದ ಲೆಕ್ಕದಲ್ಲಿ ಅಜ್ಜ ಇನ್ನೂ ಇದ್ದರು.

"ಪೌತಿ ಮಾಡಿಸಿಬಿಡಿ ಮೇಡಂ, ದೊಡ್ಡ ಕೆಲಸ ಏನಲ್ಲ" ಅಂದರು ವಿಎ, ಅಮ್ಮನ ಕೈಯಿಂದ ಫೋನ್ ತಗೊಂಡು. ಪೌತಿ ಅಂದರೆ ಪಹಣಿಯಲ್ಲಿ ತೀರಿದವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವುದು.

ಆ ದೊಡ್ಡದಲ್ಲದ ಕೆಲಸ ಮುಗಿದದ್ದು 2025ರ ನವೆಂಬರಿನಲ್ಲಿ. ಎಲ್ಲಿ ಎಡವಿದೆ, ಎಲ್ಲಿ ಸುಮ್ನೆ ದುಡ್ಡು ಕಳೆದೆ ಅಂತ ಬರೆದಿಡುತ್ತಿದ್ದೇನೆ. ನಮ್ಮ ಕಡೆ ನಾಲ್ಕು ಮನೆ ಕೇಳಿದರೆ ಎರಡರಲ್ಲಾದರೂ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ.

ನಮ್ಮೂರು ಕಟಪಾಡಿ ಪೇಟೆಯಿಂದ ಪಡುವಣಕ್ಕೆ, ಮಟ್ಟು ಕಡೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಹೊಯಿಗೆಯ ಒಂದು ಉದ್ದ ಪಟ್ಟಿ. ತೆಂಗು, ಗದ್ದೆ, ಭತ್ತ ಕೊಯ್ದ ಮೇಲೆ ಗುಳ್ಳ ಬದನೆ. ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದ ಮೇಲೆ ಹೊರಗಿನವರಿಗೂ ಈ ಕಡೆಯ ಹೆಸರು ಗೊತ್ತು. ಬೇಸಿಗೆಯಲ್ಲಿ ಹೊಳೆಗೆ ಉಪ್ಪುನೀರು ಏರುತ್ತದೆ. ಮಳೆಗಾಲದಲ್ಲಿ ಕಡಲಿನ ಸದ್ದಿಗೆ ಪಕ್ಕದ ಕೋಣೆಯವರು ಕರೆದರೂ ಕೇಳುವುದಿಲ್ಲ.

ನಮ್ಮದು 68 ಸೆಂಟ್ಸ್. ಘಟ್ಟದ ಮೇಲಿನವರು ಗುಂಟೆಯಲ್ಲಿ ಹೇಳುತ್ತಾರೆ, ನಮಗೆ ಸೆಂಟ್ಸ್. 100 ಸೆಂಟ್ಸಿಗೆ ಒಂದು ಎಕ್ರೆ. ಮನೆ, ಒಂದು ತುಂಡು ಗದ್ದೆ, ಇಪ್ಪತ್ತೆರಡು ತೆಂಗಿನ ಮರ, ಮೂಲೆಯಲ್ಲಿ ನಾಗಬನ. ಅಂಗಳದ ಬದಿಯಲ್ಲಿ ಅಮ್ಮನ ಮಲ್ಲಿಗೆ ಗಿಡಗಳು. ಅಜ್ಜ ಮೊದಲು ಗೇಣಿ ಒಕ್ಕಲು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಧಣಿಗಳ ಮನೆಗೆ ಹೊರಬೇಕಿತ್ತು. 1974ರ ಭೂಸುಧಾರಣೆ ಬಂದಾಗ ಡಿಕ್ಲರೇಶನ್ ಹಾಕಿದರು, ಜಾಗ ಅವರದ್ದಾಯಿತು. ಊರಿನಲ್ಲಿ ಈಗಲೂ ಅದಕ್ಕೆ 'ಡಿಕ್ಲರೇಶನ್ ಜಾಗ' ಅಂತಲೇ ಹೇಳುವುದು. ಆ ಆರ್ಡರಿನ ಕಾಗದ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾರೆ. ಜಾಗ ಸಿಕ್ಕಿತಲ್ಲ, ಇನ್ನೆಂತ ಬೇಕು? ಅಜ್ಜ ಹೋದ ಮೇಲೂ ಅವರ ಹೆಸರಲ್ಲೇ ತೀರ್ವೆ ಕಟ್ಟುತ್ತಾ ಬಂದರು. ಕಟ್ಟಿದವರು ಯಾರು ಅಂತ ರಶೀದಿ ಕೇಳುವುದಿಲ್ಲ.

ಮೊದಲ ತಪ್ಪು ನನ್ನದೇ. ಅವಸರದಲ್ಲಿ ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಹಾಕಿದೆ. ಅಪ್ಪ ತೀರಿದ್ದು 2021ರಲ್ಲಿ. ಅವರಿಂದ ಶುರು ಮಾಡಿ ಅಮ್ಮ, ನಾನು, ತಮ್ಮ ಅಂತ ಬರೆದೆ. ಒಂದು ತಿಂಗಳಿಗೆ ಚಂದದ ಕಾಗದ ಬಂತು. ತಗೊಂಡು ಹೋದರೆ ವಿಎ ತಲೆ ಅಲ್ಲಾಡಿಸಿದರು. ಪಹಣಿಯಲ್ಲಿ ಯಾರ ಹೆಸರು ಇದೆಯೋ ಅವರಿಂದ ವಂಶವೃಕ್ಷ ಇಳಿಯಬೇಕು. ಅಂದರೆ ಅಜ್ಜ, ಅಜ್ಜಿ, ಅವರ ಮೂವರು ಮಕ್ಕಳು, ಆ ಮಕ್ಕಳಲ್ಲಿ ತೀರಿಹೋದವರ ಹೆಂಡತಿ ಮಕ್ಕಳು, ಎಲ್ಲರೂ. ಮತ್ತೆ ಮೊದಲಿನಿಂದ. ನೀವು ಅರ್ಜಿ ಹಾಕುವ ಮೊದಲು ಹೊಸ ಪಹಣಿ ತೆಗೆದು ಒಂಬತ್ತನೇ ಕಾಲಂನಲ್ಲಿ ಯಾರಿದ್ದಾರೆ ಅಂತ ನೋಡಿಕೊಳ್ಳಿ. ಹನ್ನೊಂದನೇ ಕಾಲಂ ಕೂಡ. ಅಲ್ಲಿ ಯಾವುದೋ ಕಾಲದ ಸೊಸೈಟಿ ಸಾಲ ಕೂತಿದ್ದರೆ ಅದು ಇನ್ನೊಂದು ಕಥೆ. ನಮ್ಮದರಲ್ಲಿ ಇರಲಿಲ್ಲ, ದೇವರು ದೊಡ್ಡವನು.

ಎರಡನೇ ತಪ್ಪು, ಒಬ್ಬ ಬ್ರೋಕರನಿಗೆ 4,000 ರೂಪಾಯಿ ಕೊಟ್ಟದ್ದು. "ಎಲ್ಲ ನಾನು ನೋಡಿಕೊಳ್ತೇನೆ ಅಕ್ಕ, ನೀವು ಆಫೀಸಿಗೆ ಹೋಗಿ" ಅಂದ. ಎರಡು ತಿಂಗಳು ನಾನು ಆಫೀಸಿಗೆ ಹೋದೆ. ಅವನು ಎಲ್ಲಿಗೂ ಹೋಗಲಿಲ್ಲ.

ಇಷ್ಟಾದ ಮೇಲೆ ನಿಜವಾದ ಗಂಟು ಎದುರಾಯಿತು. ಅಜ್ಜನ ಮರಣ ಪತ್ರ.

ಅಪ್ಪನದ್ದು ಇತ್ತು. ಅಜ್ಜಿಯದ್ದು 2003ರದ್ದು, ಅದೂ ಸಿಕ್ಕಿತು. ದೊಡ್ಡಪ್ಪ ಮುಂಬೈಯಲ್ಲಿ ತೀರಿಹೋದವರು, ಅಲ್ಲಿಯ ಕಾಗದ ಅವರ ಮಗನ ಹತ್ತಿರ ಇರಬೇಕು. ಅಜ್ಜನದ್ದು ಮಾತ್ರ ಇಲ್ಲ. ಇಸವಿ ಯಾವುದು ಅಂತಲೂ ಅಮ್ಮನಿಗೆ ಸರಿಯಾಗಿ ಗೊತ್ತಿಲ್ಲ. "ನಾನು ಮದುವೆಯಾಗಿ ಬಂದ ಮರುವರ್ಷವಾ, ಅದರ ಮರುವರ್ಷವಾ" ಅಂದಳು. ಬೆರಳು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಲೇ ಇತ್ತು. ಹನ್ನೊಂದು ಗಂಟೆಯೊಳಗೆ ಹೂವು ಮಾರುವ ಕಟ್ಟೆಗೆ ಮುಟ್ಟಬೇಕು, ಅವಳಿಗೆ ಅದರ ಅವಸರ.

ಹಳೆ ರಿಜಿಸ್ಟರ್ ಹುಡುಕುವುದು ಬೇರೆಯೇ ಕೆಲಸ. ಕಾಪು ತಾಲೂಕು ಆದದ್ದು 2018ರಲ್ಲಿ. ಅದಕ್ಕೂ ಮೊದಲು ನಾವು ಉಡುಪಿ ತಾಲೂಕು. ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ, ಅದಕ್ಕೂ ಮೊದಲು ದಕ್ಷಿಣ ಕನ್ನಡ. ಊರು ನಿಂತಲ್ಲೇ ನಿಂತಿದೆ, ಕಡತಗಳು ಮಾತ್ರ ಓಡಾಡಿವೆ. "ಇಲ್ಲಿಲ್ಲ, ಅಲ್ಲಿ ಕೇಳಿ." ಅಲ್ಲಿ ಕೇಳಿದರೆ, "ಅದು ಅವರಿಗೆ ಕೊಟ್ಟಾಯ್ತಲ್ಲ." ಒಂದು ಕಚೇರಿಯಲ್ಲಿ ನನ್ನ ಅರ್ಜಿಯೇ ಕಾಣೆಯಾಯಿತು. ಹಿಂಬರಹ ಹಾಕಿಸಿಕೊಂಡ ಪ್ರತಿ ನನ್ನ ಹತ್ತಿರ ಇರಲಿಲ್ಲ, ಹಾಗಾಗಿ ಜಗಳ ಮಾಡಲೂ ಬಾಯಿ ಇಲ್ಲ. ಏನು ಕೊಟ್ಟರೂ ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ತಾರೀಕು ಹಾಕಿಸಿಕೊಳ್ಳಿ. ಇದನ್ನು ಕಲಿಯಲು ನನಗೆ ಮೂರು ರಜೆ ಬೇಕಾಯಿತು.

ಡಿಸೆಂಬರಿನಲ್ಲಿ 'ದಾಖಲೆ ಲಭ್ಯವಿಲ್ಲ' ಅಂತ ಒಂದು ಪತ್ರ ಸಿಕ್ಕಿತು. ಅದನ್ನೇ ದೊಡ್ಡ ಗೆಲುವು ಅಂದುಕೊಂಡು ಅತ್ತೆಯ ಮನೆಗೆ ಹೋದೆ. ಅಪ್ಪನ ಅಕ್ಕ, ಎಪ್ಪತ್ತೆಂಟು ವರ್ಷ. ಹೊಳೆಯ ಆಚೆ ಬದಿಯಲ್ಲಿ ಅವರ ಮನೆ. ಮೊದಲು ದೋಣಿಯಲ್ಲಿ ದಾಟುತ್ತಿದ್ದರು, ಈಗ ಸೇತುವೆ ಇದೆ. ಮಣೆ ಮೇಲೆ ಕೂತು ಕಾಗದ ತೋರಿಸಿದೆ. ಅತ್ತೆ ಕನ್ನಡಕ ಹಾಕಿ ನಿಧಾನ ಓದಿದರು.

"ಇದು ನಿಮ್ಮ ಗ್ರಾಮದ್ದಲ್ವಾ? ಅಪ್ಪ ತೀರಿದ್ದು ಇಲ್ಲಿ."

"ಎಲ್ಲಿ?"

"ಇದೇ ಮನೆಯಲ್ಲಿ. ಆ ಕೋಣೆಯಲ್ಲಿ."

ಕಡೆಯ ಒಂದು ತಿಂಗಳು ಅಜ್ಜ ಮಗಳ ಮನೆಯಲ್ಲಿದ್ದರಂತೆ. ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಸಾವು ನೋಂದಣಿಯಾಗುವುದು ಪ್ರಾಣ ಹೋದ ಜಾಗದಲ್ಲಿ, ಸ್ವಂತ ಮನೆ ಇರುವ ಜಾಗದಲ್ಲಿ ಅಲ್ಲ. ಅಷ್ಟು ದಿನ ನಾನು ತಪ್ಪು ಗ್ರಾಮದ ಪುಸ್ತಕ ಹುಡುಕಿಸಿದ್ದೆ. ಆಸ್ಪತ್ರೆಯಲ್ಲಿ ತೀರಿದವರಾದರೆ ಆ ಆಸ್ಪತ್ರೆ ಇರುವ ಪೇಟೆಯ ನಗರಸಭೆಯಲ್ಲೋ ಪಂಚಾಯತಿನಲ್ಲೋ ಕೇಳಬೇಕು. ಇದು ನಿಮ್ಮ ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಬೇಕಾದ ವಿಷಯ.

ತಾರೀಕು? ಅತ್ತೆ ಯೋಚಿಸಿದರು. "ಪರ್ಯಾಯ ಆಗಿ ಒಂದು ವಾರ. ಅದಮಾರು ಪರ್ಯಾಯ. ನಿನ್ನ ಮಾವ ಉಡುಪಿಗೆ ಹೋಗಿ ಬಂದು ಅಪ್ಪನಿಗೆ ಪ್ರಸಾದ ಕೊಟ್ಟಿದ್ದರು, ಅಪ್ಪ ನುಂಗಲಿಲ್ಲ."

ಉಡುಪಿ ಸುತ್ತಿನ ಹಳಬರಿಗೆ ಇಸವಿ ಅಂದರೆ ಪರ್ಯಾಯ. ಕೃಷ್ಣನ ಪೂಜೆಯ ಸರದಿ ಎರಡು ವರ್ಷಕ್ಕೊಂದು ಮಠಕ್ಕೆ, ಎಂಟು ಮಠ ಸುತ್ತಿ ಬರಲು ಹದಿನಾರು ವರ್ಷ. 2020ರಲ್ಲಿ ಅದಮಾರು, ಅದಕ್ಕೂ ಹಿಂದೆ 2004, ಅದಕ್ಕೂ ಹಿಂದೆ 1988. 2004ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ, ಅಜ್ಜನ ಮುಖವನ್ನೇ ಕಂಡವಳಲ್ಲ. ಹಾಗಾದರೆ 1988. ಪರ್ಯಾಯ ಜನವರಿ 18ಕ್ಕೆ, ಒಂದು ವಾರ ಅಂದರೆ 24, 25. ಅತ್ತೆಯ ಮಣೆ ಮೇಲೆ ಕೂತು ಬೆರಳು ಮಡಿಚಿ ಲೆಕ್ಕ ಹಾಕಿದೆ. ಹದಿನೈದು ನಿಮಿಷದ ಕೆಲಸ.

ಆದರೆ ಅರ್ಜಿಯಲ್ಲಿ 'ಅದಮಾರು ಪರ್ಯಾಯ ಆಗಿ ಒಂದು ವಾರ' ಅಂತ ಬರೆಯಲು ಆಗುವುದಿಲ್ಲವಲ್ಲ. ಏನಾದರೂ ಬರೆದದ್ದು ಬೇಕು. ಅತ್ತೆ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಉದ್ದನೆಯ ಒಂದು ಲೆಕ್ಕದ ಪುಸ್ತಕ. ಮಾವ ಬರೆದಿಟ್ಟ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಖರ್ಚು. ಅಕ್ಕಿ ಇಷ್ಟು, ತೆಂಗಿನಕಾಯಿ ಇಷ್ಟು, ಬಾಳೆಲೆ, ಬೆಲ್ಲ, ಕುಂಬಳಕಾಯಿ, ಶಾಮಿಯಾನದವನಿಗೆ ಮುಂಗಡ. ಯಾರ ಮನೆಯಿಂದ ಎಷ್ಟು ಕಾಯಿ ಬಂತು ಅನ್ನುವುದಕ್ಕೆ ಬೇರೆಯೇ ಪುಟ. ಮೇಲ್ಗಡೆ ನೀಲಿ ಶಾಯಿಯಲ್ಲಿ, ಮಾವನ ಓರೆ ಅಕ್ಷರದಲ್ಲಿ 3-2-88, ಬುಧವಾರ. ಹನ್ನೊಂದನೇ ದಿನದ ಬೊಜ್ಜ. ಹಿಂದಕ್ಕೆ ಎಣಿಸಿದರೆ ಸರಿಯಾಗಿ ಜನವರಿ 24. ಒಂದು ಮೂಲೆಯನ್ನು ಒರಲೆ ತಿಂದಿತ್ತು, ತಾರೀಕನ್ನು ತಿಂದಿರಲಿಲ್ಲ.

ಅತ್ತೆಯ ಗ್ರಾಮದ ಲೆಕ್ಕದಲ್ಲೂ ಅಜ್ಜನ ಸಾವು ನೋಂದಣಿ ಆಗಿರಲಿಲ್ಲ. ಅಲ್ಲಿಂದ ಮತ್ತೊಂದು 'ಲಭ್ಯವಿಲ್ಲ' ಪತ್ರ. ಈ ಸಲ ಸರಿಯಾದ ಜಾಗದ್ದು.

ಸಾವು ಆಗಿ 21 ದಿನದೊಳಗೆ ನೋಂದಾಯಿಸಬೇಕು ಅನ್ನುವುದು 1969ರ ಕಾನೂನು. ಒಂದು ವರ್ಷ ದಾಟಿದರೆ ಮೊದಲೆಲ್ಲ ಕೋರ್ಟಿಗೇ ಹೋಗಬೇಕಿತ್ತು. 2023ರಲ್ಲಿ ಕಾನೂನಿಗೆ ತಿದ್ದುಪಡಿ ಆದ ಮೇಲೆ ಅದು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಮಟ್ಟಕ್ಕೆ ಬಂದಿದೆ. ಉಡುಪಿ ಜಿಲ್ಲೆಗೆ ಇರುವುದು ಒಂದೇ ಉಪವಿಭಾಗ, ಅದರ ಕಚೇರಿ ಕುಂದಾಪುರದಲ್ಲಿ. ಕಾಪುವಿನವರಿರಲಿ ಕಾರ್ಕಳದವರಿರಲಿ, ಎಸಿ (ಉಪವಿಭಾಗಾಧಿಕಾರಿ) ಹತ್ತಿರ ಕೆಲಸ ಇದ್ದರೆ ಕುಂದಾಪುರಕ್ಕೇ ಹೋಗಬೇಕು. ನನ್ನ ಅಜ್ಜ ಕುಂದಾಪುರ ನೋಡಿದ್ದರೋ ಇಲ್ಲವೋ, ಸತ್ತು ಮೂವತ್ತೇಳು ವರ್ಷಕ್ಕೆ ಅವರ ಹೆಸರು ಅಲ್ಲಿಗೆ ಹೋಯಿತು.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಾಲ್ಕು ಸಲ ಹೋದೆ. ಬೆಳಿಗ್ಗೆ ಐದೂವರೆಗೆ ಮಂಗಳೂರಿನಲ್ಲಿ ಬಸ್ಸು ಹತ್ತಿ, ಕಟಪಾಡಿಯಲ್ಲಿ ಇಳಿದು, ಅತ್ತೆಯನ್ನು ಕರೆದುಕೊಂಡು ಮತ್ತೆ ಉಡುಪಿ ಬಸ್ಸು, ಅಲ್ಲಿಂದ ಕುಂದಾಪುರ. ಅತ್ತೆಗೆ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಡಕ್ಟರ್ "ಬೇಗ ಬೇಗ" ಅಂದರೆ ಅವನನ್ನು ತಿರುಗಿ ನೋಡುತ್ತಿದ್ದರು, ಅಷ್ಟೇ. ಮೂರನೇ ಸಲ ಎರಡು ಗಂಟೆ ಬೆಂಚಿನಲ್ಲಿ ಕೂತ ಮೇಲೆ ಅತ್ತೆ ಕೇಳಿದರು, "ಅಪ್ಪ ಸತ್ತದ್ದು ಸುಳ್ಳು ಅಂತ ಯಾರಾದರೂ ಹೇಳಿದ್ದಾರಾ?" ಇಲ್ಲ ಅತ್ತೆ, ಯಾರೂ ಹೇಳಿಲ್ಲ. "ಮತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಟ್ಲಿಯ ನೀರು ಕೊಟ್ಟೆ.

ನಮಗೆ ಪೇಪರಿನಲ್ಲಿ ಒಂದು ಪ್ರಕಟಣೆ ಹಾಕಿಸಲು ಹೇಳಿದರು. ಆಕ್ಷೇಪಣೆ ಇದ್ದರೆ ತಿಳಿಸಿ ಅಂತ. ಅದಕ್ಕೆ 2,500 ರೂಪಾಯಿ. ಅತ್ತೆಯ ಅಫಿಡವಿಟ್, ನೆರೆಮನೆಯ ಇಬ್ಬರ ಅಫಿಡವಿಟ್, ಬೊಜ್ಜದ ಪುಸ್ತಕದ ಜೆರಾಕ್ಸ್. ಮೂಲ ಪುಸ್ತಕವನ್ನೂ ಹೊತ್ತುಕೊಂಡೇ ಹೋಗಿದ್ದೆ, ಒಳ್ಳೆಯದಾಯಿತು. ಸಾಹೇಬರು ಅದನ್ನು ಕೈಗೆ ತಗೊಂಡು ಎರಡು ಪುಟ ತಿರುಗಿಸಿದರು. "ಆಗ ತೆಂಗಿನಕಾಯಿಗೆ ಇಷ್ಟೇ ರೇಟಾ!" ಅಂದರು. ಇನ್ನೇನೂ ಕೇಳಲಿಲ್ಲ. ಏಪ್ರಿಲ್ ಕೊನೆಯಲ್ಲಿ ಆದೇಶ ಆಯಿತು, ಮೇ ತಿಂಗಳಲ್ಲಿ ಮರಣ ಪತ್ರ ಕೈಗೆ ಬಂತು. ಕ್ಯೂಆರ್ ಕೋಡ್ ಇರುವ ಹೊಸ ಕಾಗದ. ಮರಣ ದಿನಾಂಕ 1988, ನೋಂದಣಿ ದಿನಾಂಕ 2025. ಅಮ್ಮ ಅದನ್ನು ದೇವರ ಕೋಣೆಯಲ್ಲಿ ಇಟ್ಟಳು. ಒಂದು ದಿನ ಇರಲಿ ಅಂತ ನಾನೂ ಸುಮ್ಮನಾದೆ.

ಇನ್ನು ಎರಡನೇ ವಂಶವೃಕ್ಷ. ಇಲ್ಲಿ ಸಿಕ್ಕಿಹಾಕಿಕೊಂಡದ್ದು ಹೆಸರಿನಲ್ಲಿ.

ನಮ್ಮದು ಅಳಿಯಕಟ್ಟಿನ ಮನೆತನ. ಬರಿ, ಅಂದರೆ ವಂಶದ ಹೆಸರು, ಬರುವುದು ಅಮ್ಮನ ಕಡೆಯಿಂದ. ಅಜ್ಜ ಕೋಟ್ಯಾನ್ ಬರಿ, ಅಜ್ಜಿ ಸುವರ್ಣ ಬರಿ, ಹಾಗಾಗಿ ಮಕ್ಕಳು ಮೂವರೂ ಸುವರ್ಣ. ಊರಿನಲ್ಲಿ ಇದು ಯಾರಿಗೂ ವಿಷಯವೇ ಅಲ್ಲ. ಆದರೆ ಕಾಗದದಲ್ಲಿ? ಪಹಣಿಯಲ್ಲಿ ಅಜ್ಜ 'ಪೂಜಾರಿ', ಅದು ನಮ್ಮ ಸಮಾಜದ ಹೆಸರು. ಅಪ್ಪನ ಶಾಲೆಯ ದಾಖಲೆಯಲ್ಲೂ 'ಪೂಜಾರಿ'. ದೊಡ್ಡಪ್ಪ ಮುಂಬೈಗೆ ಹೋಗಿ ಹೋಟೆಲು ಸೇರಿದಾಗ 'ಸುವರ್ಣ' ಅಂತ ಬರೆಸಿಕೊಂಡರು. ಅತ್ತೆ ವೋಟರ್ ಐಡಿಯಲ್ಲಿ 'ಪೂಜಾರ್ತಿ', ಆಧಾರಿನಲ್ಲಿ 'ಸುವರ್ಣ'. ಅಜ್ಜನ ಹಳೆ ಡಿಕ್ಲರೇಶನ್ ಕಾಗದದ ಒಂದು ಕಡೆ 'ಕೋಟ್ಯಾನ್' ಕೂಡ ಇತ್ತು.

ನಮ್ಮ ವಿಎ ಘಟ್ಟದ ಮೇಲಿನವರು, ಬಂದು ಒಂದು ವರ್ಷ ಆಗಿತ್ತಷ್ಟೇ. ಒಳ್ಳೆಯ ಹುಡುಗ. ಕಾಗದ ಎಲ್ಲ ಹರಡಿಕೊಂಡು ಕೇಳಿದರು, "ಅಪ್ಪ ಕೋಟ್ಯಾನ್, ದೊಡ್ಡ ಮಗ ಸುವರ್ಣ, ಸಣ್ಣ ಮಗ ಪೂಜಾರಿ. ಮೇಡಂ, ಇವರೆಲ್ಲ ಒಂದೇ ಮನೆಯವರು ಅಂತ ನಾನು ಹೇಗೆ ಬರೀಲಿ?" ಪ್ರಶ್ನೆ ಸರಿಯೇ. ನಾನು ಬರಿ ಅಂದರೇನು ಅಂತ ವಿವರಿಸಲು ಹೊರಟೆ. ಅರ್ಧಕ್ಕೆ ನನಗೇ ಗೊಂದಲ ಆಯಿತು. ಪಕ್ಕದಲ್ಲಿದ್ದ ವಿಎಯ ಸಹಾಯಕ, ಉಗ್ರಾಣಿ, ತುಳುವಿನಲ್ಲಿ ನಗಾಡಿಕೊಂಡು, "ಸರ್, ಇಲ್ಲಿ ಅಪ್ಪ ಮಗನ ಹೆಸರು ಒಂದೇ ಇದ್ದರೆ ಮಾತ್ರ ಡೌಟ್ ಮಾಡಬೇಕು" ಅಂದರು.

ಕೊನೆಗೆ ಮಹಜರು ಮಾಡೋಣ ಅಂತ ಆಯಿತು. ಮೇ ತಿಂಗಳು, ಮಳೆ ಹಿಡಿಯುವ ಮೊದಲಿನ ಆ ಸೆಕೆ. ನಮ್ಮ ಅಂಗಳದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಸಮಾಜದ ಮುಖಂಡರಾದ ಗುರಿಕಾರರು ಬಂದರು, ಎಂಬತ್ತು ದಾಟಿದವರು, ಹೆಗಲ ಮೇಲೆ ಬೈರಾಸು. ಪಕ್ಕದ ಮನೆಯ ಮೀನುಗಾರಿಕೆಯವರು ಬಂದರು. ತೆಂಕು ಬದಿಯ ಮನೆಯ, ನಾವು ಬಾಯಿ ಅಂತ ಕರೆಯುವ ಹೆಂಗಸೂ ಬಂದರು, ಅಜ್ಜಿಯ ಕೈಯಿಂದ ಮಜ್ಜಿಗೆ ಕುಡಿದು ಬೆಳೆದವರು. ವಿಎ ಒಬ್ಬೊಬ್ಬರನ್ನೇ ಕೇಳುತ್ತಾ ಬರೆದುಕೊಂಡರು. ಗುರಿಕಾರರು ಕಣ್ಣುಮುಚ್ಚಿ ಶುರು ಮಾಡಿದವರು ಅಜ್ಜನಲ್ಲಿ ನಿಲ್ಲಲಿಲ್ಲ. ಅಜ್ಜನ ತಾಯಿ, ತಾಯಿಯ ತಾಯಿ, ಅವರು ಯಾವ ಮನೆಯಿಂದ ಯಾವ ಮನೆಗೆ ಬಂದರು, ಯಾವ ವರ್ಷ ಹೊಳೆ ಉಕ್ಕಿ ಮನೆ ಬಿಟ್ಟರು ಎಲ್ಲ ಹೇಳಿದರು. ವಿಎ ಪೆನ್ನು ಎತ್ತಿ, "ಅಷ್ಟು ಬೇಡ ಅಜ್ಜ, ಇಲ್ಲಿ ಮೂರು ಸಾಲೇ ಜಾಗ ಇರೋದು" ಅಂದರು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಲವತ್ತು ನಿಮಿಷ ಇದೆ. ಈ ಇಡೀ ಅಲೆದಾಟದಲ್ಲಿ ನನಗೆ ಸಿಕ್ಕಿದ ಲಾಭ ಅಂದರೆ ಅದೇ.

ಎದ್ದು ಹೊರಡುವಾಗ ಅಮ್ಮ ಎಲ್ಲರಿಗೂ ಒಂದೊಂದು ಚೀಲ ಗುಳ್ಳ ಕೊಟ್ಟಳು, ಆ ವರ್ಷದ ಕೊನೆಯ ಫಸಲು. ವಿಎ ಕೈ ಹಿಂದೆ ಕಟ್ಟಿಕೊಂಡರು. "ಬೇಡಮ್ಮ, ಆಮೇಲೆ ಲಂಚ ಅಂತಾರೆ." ಗುರಿಕಾರರು ಅವರ ಪಾಲನ್ನೂ ತಮ್ಮ ಚೀಲಕ್ಕೆ ಹಾಕಿಕೊಂಡರು.

'ಒಬ್ಬನೇ ವ್ಯಕ್ತಿ' ಅಫಿಡವಿಟ್ ಅಂತ ಒಂದಿದೆ. ಇಂಥ ಹೆಸರಿನವರೂ ಇಂಥ ಹೆಸರಿನವರೂ ಒಬ್ಬರೇ ಅಂತ 100 ರೂಪಾಯಿಯ ಇ-ಸ್ಟಾಂಪ್ ಕಾಗದದಲ್ಲಿ ಬರೆದು ನೋಟರಿ ಮಾಡಿಸುವುದು. ನಮ್ಮ ಜಿಲ್ಲೆಗಳಲ್ಲಿ ಇದು ಖಂಡಿತ ಬೇಕಾಗುತ್ತದೆ. ಹೆಸರಿನ ಎಲ್ಲ ರೂಪವನ್ನೂ ಒಂದೇ ಅಫಿಡವಿಟ್‌ನಲ್ಲಿ ಸೇರಿಸಿ. ನಾನು ಒಂದೊಂದಕ್ಕೆ ಒಂದೊಂದು ಮಾಡಿಸಿ ಬುದ್ಧಿ ಕಲಿತೆ.

ಇಷ್ಟೆಲ್ಲ ಆದರೂ ಮುಂಬೈಯ ಕಾಗದ ಬಂದಿರಲಿಲ್ಲ. ದೊಡ್ಡಪ್ಪನ ಮಗ, ನಾನು ಅಣ್ಣ ಅಂತ ಕರೆಯುವವರು, ಮೊದಲ ಫೋನಿನಲ್ಲೇ ಕೇಳಿದ್ದರು: "ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಜಾಗದ ವಿಷಯ?" ಮಾರುವ ಯೋಚನೆ ಇದೆ ಅಂತ ಅವರಿಗೆ ಯಾರೋ ಹೇಳಿದ್ದರು. ಕಡಲಬದಿಯ ಜಾಗ, ರೆಸಾರ್ಟಿನವರು ಕೇಳುತ್ತಾರೆ, ಮಾತು ಹುಟ್ಟಲು ಅಷ್ಟು ಸಾಕು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ನನಗೂ ಸಿಟ್ಟು ಬಂತು. ಅವರ ಹೆಸರು ಬಿಟ್ಟು ಮಾಡಿಸಿದರೆ ಆಗುವುದಿಲ್ಲವಾ ಅಂತ ಒಬ್ಬರನ್ನು ಕೇಳಿಯೂ ಬಿಟ್ಟೆ. ಹೇಳಲು ನಾಚಿಕೆ, ಆದರೆ ಕೇಳಿದ್ದು ಹೌದು. ಹಾಗೆ ಮಾಡಬೇಡಿ. ವಾರಸುದಾರರಲ್ಲಿ ಒಬ್ಬರನ್ನು ಬಿಟ್ಟರೂ ಅವರು ನಾಳೆ ಬಂದು ಆಕ್ಷೇಪಣೆ ಹಾಕಬಹುದು, ಕೋರ್ಟಿಗೆ ಹೋಗಬಹುದು. ಸುಳ್ಳು ಅಫಿಡವಿಟ್ ಕೊಟ್ಟದ್ದಕ್ಕೆ ಕೇಸೂ ಆಗಬಹುದು.

ಕೆಲಸ ಆದದ್ದು ನಾಗರ ಪಂಚಮಿಯಲ್ಲಿ, ಜುಲೈ 29ಕ್ಕೆ. ಅಣ್ಣ ಬನಕ್ಕೆ ಹಾಲೆರೆಯಲು ಬಂದಿದ್ದರು. ಪ್ರತಿ ವರ್ಷ ಬರುತ್ತಾರೆ, ಫೋನ್ ಎತ್ತದಿದ್ದರೂ ಅದನ್ನು ತಪ್ಪಿಸುವುದಿಲ್ಲ. ಮಳೆ ಹೊಯ್ಯುತ್ತಿತ್ತು. ಪೂಜೆ ಮುಗಿಸಿ ಜಗಲಿಯಲ್ಲಿ ಕೂತು ಅರಶಿನ ಎಲೆಯ ಕಡುಬು ತಿನ್ನುತ್ತಿದ್ದಾಗ ಅತ್ತೆಯೇ ಮಾತು ತೆಗೆದರು. ವಾದ ಮಾಡಲಿಲ್ಲ. ಪಹಣಿಯ ಜೆರಾಕ್ಸ್ ಅವರ ಮುಂದೆ ಇಟ್ಟು, "ಇದರಲ್ಲಿ ನಿನ್ನ ಹೆಸರೂ ಬರುತ್ತದೆ, ನೋಡು. ಬರಬಾರದು ಅಂತಲಾ?" ಅಂದರು. ಅಣ್ಣನಿಗೆ ಅಷ್ಟು ದಿನ ಗೊತ್ತಿದ್ದದ್ದು ನಾವು ಸಹಿ ಕೇಳುತ್ತಿದ್ದೇವೆ ಅಂತ ಮಾತ್ರ. ಸಹಿ ಅಂದರೆ ಹಕ್ಕು ಬಿಟ್ಟುಕೊಡುವುದು ಅಂದುಕೊಂಡಿದ್ದರು.

ಇದು ಬಹಳ ಮನೆಗಳಲ್ಲಿ ಆಗುವ ತಪ್ಪು ತಿಳುವಳಿಕೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಪೌತಿ ಅಂದರೆ ಪಾಲು ಅಲ್ಲ. ತೀರಿದವರ ಹೆಸರು ತೆಗೆದು ವಾರಸುದಾರರ ಎಲ್ಲರ ಹೆಸರನ್ನು ಜಂಟಿಯಾಗಿ ಸೇರಿಸುವುದು, ಅಷ್ಟೇ. ಯಾರಾದರೂ ಹಕ್ಕು ಬಿಡುವುದಿದ್ದರೆ ಅದಕ್ಕೆ ಬೇರೆಯೇ ಪತ್ರ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಪಾಲು ಮಾಡುವುದಿದ್ದರೆ ಸರ್ವೆ ಸ್ಕೆಚ್ಚು, ಪಾಲುಪಟ್ಟಿ. ಇದನ್ನು ಮೊದಲ ಫೋನಿನಲ್ಲೇ ಹೇಳಿದ್ದರೆ ನನಗೆ ಆರು ತಿಂಗಳು ಉಳಿಯುತ್ತಿತ್ತು. ನಾನು 'ಒಂದು ಸಹಿ ಬೇಕಿತ್ತು ಅಣ್ಣ' ಅಂತ ಶುರು ಮಾಡಿದ್ದೆ. ಆ ಮಾತು ಕೇಳಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ.

ಆಗಸ್ಟಿನಲ್ಲಿ ವಂಶವೃಕ್ಷ ಬಂತು, ಪೌತಿಗೆ ಅರ್ಜಿ ಹಾಕಿದೆ. ಒಂದು ಸಲ ವಾಪಸು ಬಂತು, ಸರ್ವೆ ನಂಬರಿನ ಹಿಸ್ಸೆ ತಪ್ಪು ಬಿದ್ದಿತ್ತು. ಟೈಪ್ ಮಾಡಿದವರ ಕೈತಪ್ಪು, ಓದದೆ ಸಹಿ ಹಾಕಿದ ನನ್ನದೂ ತಪ್ಪು. ಮತ್ತೆ ಹಾಕಿದೆ. ಸೆಪ್ಟೆಂಬರ್ ಕೊನೆಗೆ ಚಾವಡಿಯ ಬೋರ್ಡಿನಲ್ಲಿ ನೋಟಿಸು ಅಂಟಿಸಿದರು. ಆಕ್ಷೇಪಣೆಗೆ ಮೂವತ್ತು ದಿನ. ಆ ಮೂವತ್ತು ದಿನ ಅಮ್ಮ ಯಾರ ಜೊತೆಗೂ ಜಗಳ ಮಾಡಲಿಲ್ಲ, ದನ ಬೇಲಿ ಹಾರಿ ಬಂದು ಬಸಳೆ ತಿಂದರೂ. "ಈಗ ಬೇಡ, ನೋಟಿಸು ಮುಗಿಯಲಿ" ಅನ್ನುತ್ತಿದ್ದಳು. ಮುಗಿದ ಮಾರನೇ ದಿನ ಆ ದನದ ಮನೆಗೆ ಹೋಗಿ ಒಂದು ತಿಂಗಳ ಜಗಳದ ಬಾಕಿ ತೀರಿಸಿ ಬಂದಳು.

ಖರ್ಚಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಬ್ರೋಕರನ 4,000, ಪೇಪರ್ ಪ್ರಕಟಣೆ 2,500, ಅಫಿಡವಿಟ್ ನೋಟರಿ ಎಲ್ಲ ಸೇರಿ 1,500, ಬಸ್ಸು ಆಟೋ 3,600, ಜೆರಾಕ್ಸ್ ಮತ್ತು ಸರ್ಕಾರಿ ಶುಲ್ಕ 700. ಒಟ್ಟು 12,300 ರೂಪಾಯಿ. ಅದರಲ್ಲಿ ಸರ್ಕಾರಕ್ಕೆ ಹೋದದ್ದು ಬಹಳ ಕಡಿಮೆ. ಯಾವ ಮೇಜಿನ ಅಡಿಯಲ್ಲೂ ಕೊಡಲಿಲ್ಲ. ಕೇಳಲಿಲ್ಲ ಅಂತ ಹೇಳಲಾರೆ, ಒಂದು ಕಡೆ ಕೇಳಿದರು, ಅರ್ಥವಾಗದವಳ ಹಾಗೆ ನಿಂತೆ. ರಜೆ ಹದಿಮೂರು. ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿ ಇರುವುದಿಲ್ಲ ಅನ್ನುವುದನ್ನು ಮರೆತು ಒಮ್ಮೆ ಹೋಗಿ ಬಾಗಿಲು ನೋಡಿಕೊಂಡು ಬಂದದ್ದು ಈ ಲೆಕ್ಕದಲ್ಲಿಲ್ಲ.

ನವೆಂಬರಿನಲ್ಲಿ ಹೊಸ ಪಹಣಿ ತೆಗೆದೆ. ಅತ್ತೆ, ಅಮ್ಮ, ನಾನು, ತಮ್ಮ, ದೊಡ್ಡಮ್ಮ, ಮುಂಬೈ ಅಣ್ಣ, ಅವರ ತಂಗಿ. ಏಳು ಹೆಸರು, ಎದುರಿಗೆ 'ಜಂಟಿ'. ಪ್ರಿಂಟು ಹಿಡಿದು ಸೀದಾ ಹೊಳೆ ದಾಟಿ ಅತ್ತೆಯ ಮನೆಗೆ ಹೋದೆ. ಅತ್ತೆ ಕೈ ಒರೆಸಿಕೊಂಡು ಬಂದರು, ಮೀನು ಮಾಡುತ್ತಿದ್ದರು. ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಕೆಳಗೆ ಬೆರಳು ಇಟ್ಟು ಓದಿದರು. ಅಪ್ಪನ ಜಾಗದಲ್ಲಿ ಅವರ ಹೆಸರು ಬಂದದ್ದು ಇದೇ ಮೊದಲು. ಅವರ ಹೆಸರಿನ ಮುಂದೆ 'ಕೋಂ' (ಇಂಥವರ ಹೆಂಡತಿ) ಅಂತ ಮಾವನ ಹೆಸರಿತ್ತು. ನಮ್ಮ ಹೆಸರಿನ ಮುಂದೆ 'ಬಿನ್' (ಇಂಥವರ ಮಕ್ಕಳು) ಅಂತ ನಮ್ಮ ಅಪ್ಪನದ್ದು. ಬೆರಳು ಏಳು ಸಾಲೂ ಇಳಿದು ಮತ್ತೆ ಮೇಲೆ ಹೋಯಿತು.

"ಅಪ್ಪನ ಹೆಸರು ಎಲ್ಲಿ?"

"ತೆಗೆದರು ಅತ್ತೆ. ಅದಕ್ಕೇ ಅಲ್ವಾ ಇಷ್ಟು ಓಡಾಡಿದ್ದು."

"ಎಲ್ಲಿಯೂ ಇಲ್ಲವಾ?"

ಹಳೆ ಪಹಣಿಯ ಪ್ರತಿ ಫೈಲಿನಲ್ಲೇ ಇತ್ತು. ತೆಗೆದು ಕೊಟ್ಟೆ. ಅತ್ತೆ ಅದನ್ನು ನಾಲ್ಕಾಗಿ ಮಡಿಚಿ, ಒಳಗೆ ಹೋಗಿ ಮಾವನ ಲೆಕ್ಕದ ಪುಸ್ತಕದೊಳಗೆ ಇಟ್ಟು ಬಂದರು. ಹೊಸದನ್ನು ನನ್ನ ಕೈಗೇ ವಾಪಸು ಕೊಟ್ಟರು. "ಇದು ನಿಮಗೆ ಬೇಕಾಗುತ್ತದೆ. ಊಟ ಮಾಡಿ ಹೋಗು, ಬಂಗುಡೆ ಉಂಟು."